ಕಾಯ, ಕಾಯಕ ಮತ್ತು ಬಿಡುವು

ಇಚಲಕರಂಜಿಗೆ ಹೊಂದಿಕೊಂಡಿರುವ ಶಹಾಪುರದಲ್ಲಿ ನಮಗೆ ಬೇಕಾದ ಹಿರಿಯರೊಬ್ಬರಿದ್ದರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಹರೆಯದಲ್ಲಿ ನೂಲಿನ ಗಿರಣಿಯಲ್ಲಿ, ಆಮೇಲೆ ಯಂತ್ರಮಗ್ಗದ ಮುಂದೆ ನಿಂತು ಸಂಸಾರ ಸಾಗಿಸಿದವರು. ವಾರದ ಸೂಟಿ ಮುಗಿಸಿ ಕೆಲಸಕ್ಕೆ ಹೋದ ದಿನ ಸಂಜೆ ಅವರಿಗೆ ಎದೆ ಬಿಗಿಯುತ್ತಿತ್ತು, ಉಸಿರು ಕಟ್ಟಿದಂತಾಗುತ್ತಿತ್ತು. ಎರಡು ಮೂರು ದಿನ ಕಳೆದರೆ ಹಗುರವಾಗುತ್ತಿತ್ತು. "ಸೂಟಿ ಮಾಡಿದ್ದಕ್ಕ ಎದಿ ಹಿಡೀತು ನೋಡು ತಮ್ಮಾ, ದೇಹಕ್ಕ ಸುಖ ತೋರಸಬಾರದು" ಎಂದು ಅವರು ನಗುತ್ತಿದ್ದರು. ಬರಬರುತ್ತ ಸೂಟಿಯ ದಿನವೂ ಬೇರೊಬ್ಬರ ಬದಲಿಗೆ ಕೆಲಸಕ್ಕೆ ಹೋಗತೊಡಗಿದರು. ಊರವರು ಅದನ್ನು ಮೆಚ್ಚಿದರು. ಕಾಯಕನಿಷ್ಠೆಯೆಂದರೆ ಹೀಗಿರಬೇಕು ಎಂದರು. ನಾನೂ ಹಾಗೆಯೇ ತಿಳಿದಿದ್ದೆ.

ಎಷ್ಟೋ ವರ್ಷಗಳ ಮೇಲೆ ವೈದ್ಯರೊಬ್ಬರ ಬಾಯಿಂದ ಬೇರೆಯೇ ಮಾತು ಕೇಳಿದೆ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಶ್ವಾಸಕೋಶದ ಕಾಯಿಲೆಯೊಂದಿದೆ. ಅದಕ್ಕೆ ಬಿಸಿನೋಸಿಸ್ ಎಂದು ಹೆಸರು. ಹತ್ತಿ ಬಿಡಿಸುವ, ನೂಲುವ ಕಡೆ ಹೆಚ್ಚು, ನೇಯುವ ಕಡೆ ಕಡಿಮೆ. ಅದರ ವಿಚಿತ್ರ ಗುಣವೆಂದರೆ, ಮೊದಮೊದಲು ಅದು ಸೂಟಿಯ ಮರುದಿನವೇ ಹೆಚ್ಚು ಕಾಡುತ್ತದೆ. ಒಂದು ದಿನ ಧೂಳಿನಿಂದ ದೂರವಿದ್ದ ದೇಹ ಮತ್ತೆ ಧೂಳು ಕಂಡೊಡನೆ ಎಚ್ಚೆತ್ತು ತಕರಾರು ಹೇಳುತ್ತದೆ. ವಾರ ಸರಿದಂತೆ ತಕರಾರು ತಗ್ಗುತ್ತದೆ. ಆ ಹೊತ್ತಿಗೆ ಗುರುತಿಸಿ ಧೂಳಿನಿಂದ ದೂರವಾದರೆ ಚೇತರಿಕೆಯುಂಟು. ಅಲಕ್ಷಿಸಿದರೆ ಉಸಿರಿನ ಕಷ್ಟ ವಾರವಿಡೀ ಉಳಿದು, ಕಡೆಗೆ ವಾಸಿಯಾಗದಂತಾಗುತ್ತದೆ. ಕಾಕಾ ಸುದ್ದಿ ತಂದವನನ್ನೇ ಕಳ್ಳನೆಂದು ಹಿಡಿದಿದ್ದರು. ರೋಗವನ್ನು ತೋರಿಸಿಕೊಟ್ಟ ಬಿಡುವನ್ನೇ ರೋಗದ ಕಾರಣವೆಂದು ಭಾವಿಸಿ, ಆ ಬಿಡುವನ್ನೇ ಬಿಟ್ಟರು.

ಈ ತಪ್ಪು ಅವರೊಬ್ಬರದೇ? ನಮ್ಮ ಮನೆಗಳಲ್ಲಿ ದೇಹದ ಮಾತಿಗೆ ಕಿವಿಗೊಡುವುದನ್ನು ಸೋಮಾರಿತನವೆಂದೋ ಸ್ವಾರ್ಥವೆಂದೋ ಎಣಿಸುವ ಅಭ್ಯಾಸ ಬಲು ಹಳೆಯದು. ಅದಕ್ಕೆ ಶರಣರ ಹೆಸರನ್ನೂ ಎಳೆದು ತರುತ್ತೇವೆ. ಕಾಯಕವೇ ದೊಡ್ಡದಾದರೆ ಕಾಯವನ್ನು ನೋಡಿಕೊಳ್ಳುವುದು ಯಾವ ಸಾಲಿಗೆ ಸೇರಬೇಕು? ದಣಿದವನು ಕುಳಿತುಕೊಳ್ಳುವುದು ಧರ್ಮವೋ, ಧರ್ಮಕ್ಕೆ ಬಗೆದ ದ್ರೋಹವೋ?

ಇದಕ್ಕೆ ಉತ್ತರ ಹನ್ನೆರಡನೆಯ ಶತಮಾನದ ಆಯ್ದಕ್ಕಿ ದಂಪತಿಗಳ ಕಥೆಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಮ್ಮೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಹೆಂಡತಿ ಲಕ್ಕಮ್ಮ ಅವನನ್ನು ಕಾಯಕಕ್ಕೆ ಎಬ್ಬಿಸಿ ಕಳಿಸಿದಳು. ಈ ಅರ್ಧ ಕಥೆ ಎಲ್ಲರಿಗೂ ಗೊತ್ತು. ಭಾಷಣಗಳಲ್ಲಿ ಬರುವುದೂ ಇದೇ. ಉಳಿದರ್ಧವನ್ನು ನಾವು ಮರೆಯುತ್ತೇವೆ. ಮಾರಯ್ಯ ಮತ್ತೊಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದೇ ಲಕ್ಕಮ್ಮ ಅದನ್ನು ಆಸೆಯೆಂದು ಕರೆದು, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಕುಳಿತವನನ್ನು ಎಬ್ಬಿಸಿದವಳೇ ಮಿತಿಮೀರಿದವನನ್ನು ತಡೆದಳು. ಕಾಯಕಕ್ಕೆ ಮೊದಲಿರುವಂತೆ ಮೇರೆಯೂ ಉಂಟು ಎಂಬುದು ಆ ಕಥೆಯ ಪೂರ್ಣ ಅರ್ಥ. ದೇಹವೇ ದೇಗುಲವೆಂದು ಬಗೆದ ಪರಂಪರೆ ಆ ದೇಗುಲದ ಗೋಡೆ ಬಿರಿಯುವಾಗ ಸುಮ್ಮನಿರು ಎಂದು ಹೇಳೀತೆ?

ಮಗ್ಗ ಕೂಡ ಇದನ್ನೇ ಹೇಳುತ್ತದೆ. ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದದ್ದು 1904ರಲ್ಲಿ. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಆಶ್ರಯದಲ್ಲಿ ವಿಠ್ಠಲರಾವ್ ದಾತಾರರು ಅದನ್ನು ತಂದರು. ಅಂದಿನಿಂದ ಈ ಸೀಮೆಯ ಹಗಲು ರಾತ್ರಿಗಳು ಮಗ್ಗದ ಸದ್ದಿನಲ್ಲಿಯೇ ಕಳೆದಿವೆ. ಯಂತ್ರಮಗ್ಗದಲ್ಲಿ ಹೊಕ್ಕಿನ ಎಳೆ ಕಡಿದರೆ ಅಥವಾ ಲಾಳಿಯೊಳಗಿನ ಕಂಡಿಕೆ ಬರಿದಾದರೆ ಮಗ್ಗ ತಾನಾಗಿ ನಿಲ್ಲುವಂತೆ ಒಂದು ಸಣ್ಣ ಕವಲುಕಡ್ಡಿಯ ಏರ್ಪಾಡು ಇರುತ್ತದೆ. ಅದು ಕೆಟ್ಟರೆ ಮಗ್ಗ ಓಡುತ್ತಲೇ ಇರುತ್ತದೆ, ಆದರೆ ಬಟ್ಟೆ ಹುಟ್ಟುವುದಿಲ್ಲ. ನಿಲ್ಲುವ ಮಗ್ಗವನ್ನು ಯಾವ ಮಾಲಕನೂ ಸೋಮಾರಿ ಎನ್ನುವುದಿಲ್ಲ. ಕಬ್ಬಿಣಕ್ಕೆ ಕೊಟ್ಟ ಈ ಮರ್ಯಾದೆಯನ್ನು ಅದರ ಮುಂದೆ ನಿಂತ ಮನುಷ್ಯನಿಗೆ ಕೊಡಲು ನಾವು ಹಿಂಜರಿಯುತ್ತೇವೆ.

ಇಲ್ಲೊಂದು ಕಟುಸತ್ಯವನ್ನೂ ಒಪ್ಪಬೇಕು. ನೇಯ್ದ ಬಟ್ಟೆಯ ಅಳತೆಯ ಮೇಲೆ ಕೂಲಿ ಸಿಗುವಲ್ಲಿ ಬಿಡುವಿಗೆ ಬೆಲೆ ತೆರಬೇಕಾಗುತ್ತದೆ. ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದವನಿಗೆ "ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಿ" ಎಂದು ಉಪದೇಶಿಸುವುದು ಸುಲಭ. ಮನೆಯಲ್ಲಿ ಕಂಡಿಕೆ ಸುತ್ತುತ್ತ, ಒಲೆಯ ಮೇಲಿನ ಅನ್ನಕ್ಕೂ ತೊಟ್ಟಿಲಿನ ಕೂಸಿಗೂ ಕಣ್ಣಿಟ್ಟ ಹೆಣ್ಣುಮಗಳಿಗೆ ಸೂಟಿಯೆಂಬುದೇ ಇಲ್ಲ; ನಿಮ್ಮ ಕಡೆ ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರದೂ ಇದೇ ಪಾಡು. ಮಗ್ಗದ ಸದ್ದಿನಲ್ಲಿ ವರ್ಷಗಳನ್ನು ಕಳೆದವರು ಮನೆಯಲ್ಲಿಯೂ ಗಟ್ಟಿಯಾಗಿ ಮಾತನಾಡುತ್ತಾರೆ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ಸತ್ತರೆ ಮರಳಿ ಹುಟ್ಟುವುದಿಲ್ಲ. ಅಂಥವರಿಗೆ ಕಿವಿಯ ರಕ್ಷೆ ಮತ್ತು ನ್ಯಾಯವಾದ ಪಾಳಿ ಮೊದಲು ಬೇಕು. ಧ್ಯಾನದ ಮಾತು ಆಮೇಲಿನದು.

ಹಾಗಾದರೆ ಅಧ್ಯಾತ್ಮಕ್ಕೆ ಇಲ್ಲಿ ಕೆಲಸವೇ ಇಲ್ಲವೆ? ಖಂಡಿತ ಇದೆ. ನಮ್ಮ ಗಡಿಯವರೇ ಆದ ಗುರುದೇವ ರಾನಡೆಯವರನ್ನು ನೆನೆಯೋಣ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದು, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟವರು. ಮರಾಠಿ ಸಂತರ ಮೇಲೂ ಕನ್ನಡದ ಅನುಭಾವಿಗಳ ಮೇಲೂ ಅಷ್ಟೇ ಪ್ರೀತಿಯಿಂದ ಬರೆದವರು. ಹರೆಯದಲ್ಲಿಯೇ ಕಠಿಣ ಕಾಯಿಲೆಯಿಂದ ಜರ್ಜರಿತರಾಗಿದ್ದ ಅವರು ನಾಮಸ್ಮರಣೆಯನ್ನು ಆಸರೆಯಾಗಿ ಹಿಡಿದು ದೀರ್ಘಕಾಲ ದುಡಿದರು. ನಾಮವೇ ರೋಗವನ್ನು ಕಳೆಯಿತೆಂದು ನಾನು ಸಾರಲು ಹೊರಟಿಲ್ಲ. ಆದರೆ ನಿತ್ಯ ಒಂದು ಹೊತ್ತು ಉಳಿದೆಲ್ಲ ಕೆಲಸ ನಿಲ್ಲಿಸಿ, ಉಸಿರಿನ ಜೊತೆ ಕುಳಿತವನಿಗೆ ತನ್ನ ಉಸಿರು ಹೇಗಿದೆಯೆಂದು ಗೊತ್ತಾಗುತ್ತದೆ. ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲಿದೆ, ಯಾವ ದುಃಖವನ್ನು ಇಷ್ಟು ದಿನ ಒಳಗೇ ಒತ್ತಿಟ್ಟಿದ್ದೇನೆ ಎಂಬುದು ಕಾಣುತ್ತದೆ. ಕಾಕಾ ಜಪ ಮಾಡುತ್ತಿದ್ದರು; ದೇಹದ ಕೂಗನ್ನು ಅಡಗಿಸುವುದಕ್ಕೆಂದು ಮಾಡುತ್ತಿದ್ದರು. ಅದೇ ಜಪವನ್ನು ಆ ಕೂಗು ಕೇಳಿಸಿಕೊಳ್ಳುವುದಕ್ಕೂ ಮಾಡಬಹುದಿತ್ತು.

ಕೇಳಿಸಿಕೊಳ್ಳದ ಭಕ್ತಿಯಿಂದ ಏನಾಗುತ್ತದೆ ಎಂಬುದನ್ನು ಕಾಸರಗೋಡಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಎಣ್ಮಕಜೆಯ ಸುತ್ತಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮನೆಮನೆಯಲ್ಲಿ ಮಕ್ಕಳು ನರಳಿದಾಗ ಅದನ್ನು ದೈವದ ಮುನಿಸೆಂದು, ತಮ್ಮದೇ ಪೂರ್ವಕರ್ಮವೆಂದು ನಂಬಿ ತಲೆತಗ್ಗಿಸಿದವರಿದ್ದರು. ಪಡ್ರೆಯ ಕಡೆ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಸೀಮೆಯಲ್ಲಿ ಇಷ್ಟೊಂದು ಕಾಯಿಲೆಗಳೇಕೆ ಎಂದು ಕೇಳಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲಿಯೇ ತಡೆಯಿತು. ನಮ್ಮಲ್ಲಿಯೂ 2012ರಲ್ಲಿ ಇಚಲಕರಂಜಿಯನ್ನು ಕಾಮಾಲೆ ಹಿಡಿದಾಗ ಕೆಟ್ಟದ್ದು ಕುಡಿಯುವ ನೀರು; ಜನರ ಪುಣ್ಯವೇನೂ ಕೆಟ್ಟಿರಲಿಲ್ಲ. ಗಾಳಿ ನೀರುಗಳ ತಪ್ಪನ್ನು ತನ್ನ ಆತ್ಮದ ತಪ್ಪೆಂದು ಹೊರುವುದು ವಿನಯವಲ್ಲ. ತಪ್ಪಿತಸ್ಥನಿಗೆ ಅದರಿಂದ ನೆರಳು ಸಿಗುತ್ತದೆ. ನಿಜವಾದ ಅಧ್ಯಾತ್ಮ ಈ ಸುಳ್ಳು ಪಾಪದ ಹೊರೆಯನ್ನು ಮೊದಲು ಇಳಿಸಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ನೋವನ್ನು ಹೇಳಿಕೊಳ್ಳಲು ನಮ್ಮ ಮಾತು ಎಲ್ಲ ಕಡೆ ಸಲ್ಲುವುದಿಲ್ಲ. ಇಲ್ಲಿ ಮರಾಠಿಯಲ್ಲಿ, ಅಲ್ಲಿ ಮಲಯಾಳದಲ್ಲಿ ಜ್ವರವೆಷ್ಟು, ಎಷ್ಟು ದಿನದಿಂದ ಎಂದು ಹೇಗೋ ಹೇಳುತ್ತೇವೆ. ಆದರೆ ಅಜ್ಜಿಯ "ಜೀವ ತಳಮಳಿಸ್ತದ", "ಒಳಗ ಸಂಕಟ ಆಗತದ" ಎಂಬ ಮಾತುಗಳು ದಾಟುವಾಗ ಬರಿದೇ "ಹೊಟ್ಟೆನೋವು" ಆಗಿಬಿಡುತ್ತವೆ. ಆದ್ದರಿಂದ ಆಸ್ಪತ್ರೆಗೆ ಹೋಗುವ ಹಿರಿಯರ ಜೊತೆ ಎರಡೂ ಭಾಷೆ ಬಲ್ಲ ಮನೆಯವರೊಬ್ಬರು ಹೋಗಬೇಕು. ಹೋಗುವ ಮುನ್ನ ಅವರ ಮಾತನ್ನು ಅವರದೇ ಕನ್ನಡದಲ್ಲಿ ಪೂರ್ತಿ ಕೇಳಬೇಕು. ಇದನ್ನೂ ನಾನು ಸೇವೆಯೆಂದೇ ಎಣಿಸುತ್ತೇನೆ. ಎಷ್ಟೋ ಸಲ ಪೂರ್ತಿ ಹೇಳಿಕೊಂಡ ಮೇಲೆಯೇ ಮುಖದ ಬಿಗಿ ಅರ್ಧ ಇಳಿದಿರುತ್ತದೆ.

ತನ್ನನ್ನು ತಾನು ನೋಡಿಕೊಳ್ಳುವುದೆಂದರೆ ಇಷ್ಟೇ: ದೇಹದ ತಕರಾರನ್ನು ಮೊದಲ ದಿನವೇ ಕೇಳುವುದು, ಅದರ ಕಾರಣವನ್ನು ಸರಿಯಾದ ಕಡೆ ಹುಡುಕುವುದು, ನಾಲ್ಕು ಜನ ಕೂಡಿದರೆ ಮಾತ್ರ ಸರಿಹೋಗುವಂಥದ್ದನ್ನು ಕೂಡಿಯೇ ಕೇಳಿ ಪಡೆಯುವುದು. ಮನೆಯಲ್ಲಿ ಒಬ್ಬರು ದಣಿದು ಕುಳಿತಾಗ ಉಳಿದವರು ಅವರ ಕೆಲಸಕ್ಕೆ ಕೈಹಾಕುವುದೂ ಇದರಲ್ಲಿ ಸೇರಿದೆ. ಒಬ್ಬರ ಬಿಡುವು ಇನ್ನೊಬ್ಬರು ಕೊಟ್ಟ ದಾಸೋಹ.

ಕಾಕಾ ಕೊನೆಯ ದಿನಗಳಲ್ಲಿ ಕಟ್ಟೆಯ ಮೇಲೆ ಕುಳಿತು ಉಸಿರಿಗಾಗಿ ಕಾಯುತ್ತಿದ್ದರು. ಒಂದು ಸಂಜೆ ಅವರ ಮಗ ಪಾಳಿ ಮುಗಿಸಿ ಬಂದು ಕೆಮ್ಮಿದ. ಅವರು ಬಹಳ ಹೊತ್ತು ಮಗನ ಮುಖ ನೋಡಿ ಹೇಳಿದರು: "ನಾಳಿ ಸೂಟಿ ಮಾಡಪಾ. ದವಾಖಾನಿಗೆ ಹೋಗಿ ಎದಿ ತೋರಿಸಿಕೊಂಡು ಬಾ." ಒಂದು ದಿನದ ಕೂಲಿ ಹೋಗುತ್ತದೆಂದು ಅವನು ಗೊಣಗಿದ. "ಹೋಗಲಿ ಬಿಡು" ಎಂದರು ಕಾಕಾ. ಜೀವಮಾನದಲ್ಲಿ ಅವರು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.