ಷಡ್ಲೇಶ್ಯಾ ವೃಕ್ಷ ಮತ್ತು ಉಪವಾಸಿಯ ಬಣ್ಣ

ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲೆ ತೀರ್ಥಂಕರರ ಚರಿತ್ರೆ, ಸಮವಸರಣ ಮುಂತಾದ ವರ್ಣಚಿತ್ರಗಳಿವೆ. ಅವುಗಳ ನಡುವೆ ಒಂದು ಮರವೂ ಆರು ಮಂದಿ ಮನುಷ್ಯರೂ ಇರುವ ಚಿತ್ರವೊಂದುಂಟು. ಅರಿಯದವರ ಕಣ್ಣಿಗೆ ಅದು ವನವಿಹಾರದಂತೆ ತೋರಬಹುದು. ವಸ್ತುತಃ ಅದು ಷಡ್ಲೇಶ್ಯೆಗಳ ನಿರೂಪಣೆ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಈ ದೃಷ್ಟಾಂತವಿದೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಪಥಿಕರು ಫಲಭರಿತವಾದ ಮರವನ್ನು ಕಾಣುತ್ತಾರೆ. ಬುಡಸಹಿತ ಕೀಳಬೇಕೆಂದು ಎಣಿಸುವವನದು ಕೃಷ್ಣಲೇಶ್ಯೆ. ಕಾಂಡವನ್ನು ಕಡಿಯಬೇಕೆನ್ನುವವನದು ನೀಲ. ದೊಡ್ಡ ಕೊಂಬೆಯನ್ನು ಬಯಸುವವನದು ಕಾಪೋತ. ಸಣ್ಣ ಟೊಂಗೆಯನ್ನು ಬಯಸುವವನದು ಪೀತ. ಹಣ್ಣನ್ನು ಮಾತ್ರ ಕೊಯ್ಯುವೆನೆನ್ನುವವನದು ಪದ್ಮ. ಬಿದ್ದ ಹಣ್ಣನ್ನು ಆರಿಸಿಕೊಳ್ಳುವೆನೆನ್ನುವವನದು ಶುಕ್ಲ. ಆರು ಮಂದಿಯ ಗುರಿಯೂ ಒಂದೇ, ಹಣ್ಣು. ಇನ್ನೂ ಯಾರೂ ಕೊಡಲಿ ಎತ್ತಿಲ್ಲ. ಎಣಿಕೆಯಲ್ಲಿಯೇ ಬಣ್ಣ ಬೇರೆಯಾಗಿದೆ.

ಈ ಬಣ್ಣ ಮೈಯದಲ್ಲ. ದೇಹದ ವರ್ಣವು ದ್ರವ್ಯಲೇಶ್ಯೆ. ಕಷಾಯದಿಂದ ರಂಜಿತವಾದ ಮನೋವಾಕ್ಕಾಯಗಳ ಪ್ರವೃತ್ತಿಯು ಭಾವಲೇಶ್ಯೆ. ಮುನಿಸುವ್ರತ, ನೇಮಿನಾಥರ ದೇಹವರ್ಣ ಶ್ಯಾಮ. ಚಂದ್ರಪ್ರಭ, ಪುಷ್ಪದಂತರದು ಶ್ವೇತ. ಅವರ ಕೇವಲಜ್ಞಾನದಲ್ಲಿ ಭೇದವುಂಟೇ? ಇಲ್ಲ.

ಈ ಚಿತ್ರದ ಅರ್ಥವು ದೂರದ ಕಾಡಿಗೆ ಮಾತ್ರ ಸಂಬಂಧಿಸಿದುದಲ್ಲ. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಹೆಸರು ಬಿಡಿಸುವ ಸುಗ್ಗಿಯೂ ಭಾದ್ರಪದದ ದಶಲಕ್ಷಣ ಪರ್ವವೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಶ್ರಾವಕನೊಬ್ಬನು ಅಂದು ನೀರನ್ನೂ ಮುಟ್ಟದೆ ಉಪವಾಸವಿದ್ದಾನೆಂದು ಭಾವಿಸೋಣ. ಸಂಜೆ ಕೂಲಿಗಾಗಿ ಅಂಗಳದಲ್ಲಿ ನಿಂತ ಹೆಣ್ಣುಮಕ್ಕಳಿಗೆ “ಇಂದು ವ್ರತ, ನಾಳೆ ಬನ್ನಿರಿ” ಎಂದು ಸಿಡುಕುತ್ತಾನೆ. ಅವನ ಹಸಿವು ಅವನೇ ಆರಿಸಿಕೊಂಡದ್ದು, ಅವರದು ಹಾಗಲ್ಲ. ಹಣ್ಣನ್ನೇ ಮುಟ್ಟದ ಈತನು ಯಾವ ಕೊಂಬೆಯನ್ನು ಕಡಿದಂತಾಯಿತು?

ಹಾಗಾದರೆ ಅವನ ಉಪವಾಸ ವ್ಯರ್ಥವೇ? ಹಾಗೆನ್ನಲಾಗದು. ಅನಶನವು ಬಾಹ್ಯ ತಪಸ್ಸು. ಅಂತರಂಗ ತಪಸ್ಸಿಗೆ ಅದು ಸಾಧನ. ಹೊಟ್ಟೆ ತುಂಬಿದ ದಿನ ಅಡಗಿರುವ ಕ್ರೋಧವು ಉಪವಾಸದ ದಿನ ಮೇಲೇಳುತ್ತದೆ. ಕಂಡ ದೋಷವನ್ನು ತಿದ್ದಿಕೊಂಡರೆ ವ್ರತ ಸಫಲ. ವ್ರತದ ಹೆಸರಿನಲ್ಲಿ ಮುಚ್ಚಿಟ್ಟರೆ ಉಳಿಯುವುದು ದೇಹದಂಡನೆ ಮಾತ್ರ.

ಬಿಳುಪೇ ಕೊನೆಯೆಂದೂ ತಿಳಿಯಬಾರದು. ಶುಕ್ಲವೂ ಒಂದು ಲೇಶ್ಯೆಯೇ. ಅಯೋಗಕೇವಲಿಗಳಿಗೂ ಸಿದ್ಧರಿಗೂ ಲೇಶ್ಯೆಯಿಲ್ಲ. ಅಶರೀರಿಗಳಾದ ಸಿದ್ಧರನ್ನು ಬಸದಿಗಳಲ್ಲಿ ಲೋಹದ ತಗಡಿನಿಂದ ಆಕೃತಿಯನ್ನು ಕತ್ತರಿಸಿ ತೆಗೆದು ತೋರಿಸುವ ರೂಢಿಯುಂಟು. ಆ ತೆರವಿನಲ್ಲಿ ಯಾವ ಬಣ್ಣವೂ ಇಲ್ಲ. ದೀಪದ ಬೆಳಕು ತಡೆಯಿಲ್ಲದೆ ಹಾಯುತ್ತದೆ.

ಆ ಪದವಿ ಗೃಹಸ್ಥನಿಗೆ ಬಹುದೂರ. ಆದರೆ ಕೊಂಬೆಯಿಂದ ಟೊಂಗೆಗೆ, ಟೊಂಗೆಯಿಂದ ಹಣ್ಣಿಗೆ ಸರಿಯುವುದು ಅವನ ಕೈಯಲ್ಲಿದೆ. ಹೊತ್ತು ಮುಳುಗುವ ಮೊದಲು ದುಡಿದವರ ಕೂಲಿ ಪ್ರಿಯವಚನದೊಡನೆ ಸಂದಾಯವಾದರೆ, ಅಂದಿನ ಉಪವಾಸದ ಬಣ್ಣ ಅಷ್ಟರಮಟ್ಟಿಗೆ ತಿಳಿಯಾಯಿತೆಂದೇ ಭಾವಿಸಬೇಕು.