ಶೋಕಕ್ಕೆ ಅಧಿಕಾರಿಗಳು ಯಾರು?

ಮೃತರಿಗಾಗಿ ದುಃಖಿಸುವುದಕ್ಕೆ ಯಾರು ಅಧಿಕಾರಿಗಳು? ಈ ಪ್ರಶ್ನೆಗೆ ಧರ್ಮಶಾಸ್ತ್ರವು ಆಶೌಚಪ್ರಕರಣದಲ್ಲಿ ಒಂದು ಬಗೆಯ ಉತ್ತರವನ್ನು ಕೊಟ್ಟಿದೆ. ಸಪಿಂಡರಿಗೆ ಇಷ್ಟು ದಿನ, ಸಮಾನೋದಕರಿಗೆ ಇಷ್ಟು ದಿನ ಎಂದು ಅದು ಲೆಕ್ಕವಿಡುತ್ತದೆ. ಆದರೆ ಮನುಷ್ಯನ ಹೃದಯವು ಈ ಲೆಕ್ಕವನ್ನು ಯಾವಾಗಲೂ ಅನುಸರಿಸುವುದಿಲ್ಲ. ದಾಯಾದಿಯೊಬ್ಬನು ಸತ್ತಾಗ ಸ್ನಾನಮಾತ್ರದಿಂದ ಕರ್ತವ್ಯವನ್ನು ಮುಗಿಸಿದವನೇ, ಎಂದೂ ಕಣ್ಣಿನಿಂದ ಕಾಣದ ಒಬ್ಬ ಗಾಯಕಿಯ ಮರಣವಾರ್ತೆಯನ್ನು ಕೇಳಿ ಅನ್ನವನ್ನು ಬಿಡುವುದುಂಟು. ಇದು ಸಹಜಧರ್ಮವೋ ಚಿತ್ತದೌರ್ಬಲ್ಯವೋ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆಯು ನನಗೆ ಗ್ರಂಥದಿಂದ ಬಂದುದಲ್ಲ. 2022ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಒಂದು ದಿನ, ನಮ್ಮ ಮನೆಯಲ್ಲಿಯೇ ಇರುವ ನನ್ನ ಸೋದರಳಿಯನು ಊಟಕ್ಕೆ ಏಳದೆ ಮಂಕಾಗಿ ಕುಳಿತಿದ್ದನು. "ಯಾರು ಹೋದರಪ್ಪಾ?" ಎಂದು ಕೇಳಿದೆನು. "ಅಮೆರಿಕದಲ್ಲಿ ಒಬ್ಬ ಹಾಡುಗಾರ್ತಿ, ಮಾವ. ಮಿಮಿ ಪಾರ್ಕರ್ ಎಂದು" ಎಂದನು. ನಾನು ನಕ್ಕುಬಿಟ್ಟೆನು. "ಆಕೆಗೂ ನಿನಗೂ ಯಾವ ಗೋತ್ರವಯ್ಯ ಸೇರುವುದು?" ಎಂದು ಹಾಸ್ಯವನ್ನೂ ಮಾಡಿದೆನು. ಅವನು ಉತ್ತರ ಕೊಡಲಿಲ್ಲ. ಆ ನಗೆಯು ತಪ್ಪೆಂದು ತಿಳಿಯುವುದಕ್ಕೆ ನನಗೆ ಕೆಲವು ದಿನಗಳು ಬೇಕಾದವು.

ಆ ಗಾಯಕಿಯ ವಿಷಯವಾಗಿ ಆಮೇಲೆ ನಾನು ತಿಳಿದುಕೊಂಡುದಿಷ್ಟು. ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ, ಸುಪೀರಿಯರ್ ಮಹಾಸರೋವರದ ಪಶ್ಚಿಮದ ತುದಿಯಲ್ಲಿ ಡುಲೂತ್ ಎಂಬ ಪಟ್ಟಣವಿದೆ. ಅಲ್ಲಿ 1993ರಲ್ಲಿ ಮಿಮಿ ಪಾರ್ಕರಳೂ ಆಕೆಯ ಪತಿಯಾದ ಆಲನ್ ಸ್ಪಾರ್‌ಹಾಕನೂ ಮತ್ತೊಬ್ಬ ವಾದಕನನ್ನು ಕೂಡಿಕೊಂಡು 'ಲೋ' ಎಂಬ ಮೇಳವನ್ನು ಕಟ್ಟಿದರು. ಆ ಶಬ್ದಕ್ಕೆ ತಗ್ಗು ಎಂದು ಅರ್ಥ. ಆ ಕಾಲದ ತರುಣರ ಸಂಗೀತವು ಅಬ್ಬರದಲ್ಲಿ ಮೆರೆಯುತ್ತಿದ್ದಾಗ ಇವರು ಅತಿ ವಿಳಂಬವಾದ ಗತಿಯನ್ನೂ ತಗ್ಗಿದ ಧ್ವನಿಯನ್ನೂ ಆರಿಸಿಕೊಂಡರು. ಈ ಬಗೆಯ ಸಂಗೀತಕ್ಕೆ 'ಸ್ಲೋಕೋರ್' ಎಂಬ ಹೆಸರು ರೂಢಿಗೆ ಬಂದಿತು. ಆಕೆಯು ಒಂದೆರಡು ಚರ್ಮವಾದ್ಯಗಳನ್ನೂ ಒಂದು ಕಂಚಿನ ತಟ್ಟೆಯನ್ನೂ ಮುಂದಿಟ್ಟುಕೊಂಡು, ನಿಂತುಕೊಂಡೇ, ಮೃದುವಾದ ಕುಂಚಗಳಿಂದ ನುಡಿಸುತ್ತ ಹಾಡುತ್ತಿದ್ದಳು. ಸಭೆಯಲ್ಲಿ ಗದ್ದಲವಾದರೆ ಇವರು ಧ್ವನಿಯನ್ನು ಏರಿಸದೆ ಮತ್ತಷ್ಟು ತಗ್ಗಿಸುತ್ತಿದ್ದರಂತೆ. ತರಗತಿಯನ್ನು ಆಳಿದ ಉಪಾಧ್ಯಾಯರಿಗೆ ಈ ಉಪಾಯದ ಬಲವು ತಿಳಿದೇ ಇರುವುದು. ಕರುಣರಸಕ್ಕೆ ವಿಲಂಬಿತಲಯವೇ ತಕ್ಕದ್ದೆಂದು ನಮ್ಮ ನಾಟ್ಯಶಾಸ್ತ್ರಜ್ಞರು ವಿಧಿಸಿದ್ದನ್ನು ಇವರು ಓದದೆಯೇ ಅರಿತಿದ್ದರು. 1994ರಿಂದ 2021ರ ವರೆಗೆ ಈ ಮೇಳದ 13 ಧ್ವನಿಸಂಪುಟಗಳು ಹೊರಬಂದವು. 2020ರ ಡಿಸೆಂಬರಿನಲ್ಲಿ ಆಕೆಗೆ ಅಂಡಾಶಯದ ಕ್ಯಾನ್ಸರ್ ಇರುವುದು ಗೊತ್ತಾಯಿತು. 2022ರ ನವೆಂಬರ್ 5ರಂದು, ತನ್ನ 55ನೆಯ ವಯಸ್ಸಿನಲ್ಲಿ, ಆಕೆಯು ತೀರಿಕೊಂಡಳು.

ಆಗ ದೇಶದೇಶಗಳಲ್ಲಿದ್ದ ಆಕೆಯ ಅಭಿಮಾನಿಗಳು ಮಾಡಿದುದೇನು? ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದು ಹಾಡನ್ನು ಹೆಸರಿಸಿ, ಅದನ್ನು ತಾವು ಎಂದು, ಎಲ್ಲಿ, ಯಾವ ಸ್ಥಿತಿಯಲ್ಲಿ ಕೇಳಿದೆವೆಂಬುದನ್ನು ಇನ್ನೊಬ್ಬರಿಗೆ ಹೇಳಿಕೊಂಡರು. ಒಬ್ಬರಿಗೆ 2001ರ 'ಇನ್ ಮೆಟಲ್': ಶಿಶುವಿನ ಮೊದಲ ಪಾದರಕ್ಷೆಗೆ ಕಂಚಿನ ಲೇಪವನ್ನು ಕೊಡಿಸಿ ಇಟ್ಟುಕೊಳ್ಳುವ ಪದ್ಧತಿಯು ಆ ದೇಶದಲ್ಲುಂಟು, ಹಾಗೆಯೇ ಮಗುವಿನ ಎಳೆತನವನ್ನೂ ಉಳಿಸಿಕೊಳ್ಳಬಾರದೇ ಎಂಬ ತಾಯಿಯ ಹಂಬಲವು ಅದರ ವಸ್ತು. ಮತ್ತೊಬ್ಬರಿಗೆ 2013ರ 'ಹೋಲಿ ಘೋಸ್ಟ್': ಅದನ್ನು ಮೇವಿಸ್ ಸ್ಟೇಪಲ್ಸ್ ಎಂಬ ವೃದ್ಧ ಗಾಯಕಿಯು ಅದೇ ವರ್ಷ ತನ್ನ ಕಂಠದಿಂದಲೂ ಹಾಡಿದಳು. ಇನ್ನೊಬ್ಬರಿಗೆ 1999ರ ಕ್ರಿಸ್‌ಮಸ್ ಹಾಡು. ನನ್ನ ಸೋದರಳಿಯನಿಗೆ 1994ರ 'ಲಲಬೈ', ಎಂದರೆ ಜೋಗುಳ. ಸುಮಾರು ಹತ್ತು ನಿಮಿಷಗಳ ಹಾಡು. ನನ್ನ ತಂಗಿಯು ಕೊನೆಯ ಬೇನೆಯಲ್ಲಿ ಆಸ್ಪತ್ರೆಯಲ್ಲಿದ್ದಾಗ, ಅವಳ ಮಗನು ರಾತ್ರಿಯೆಲ್ಲ ಹೊರಗಿನ ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದುದು ಅದನ್ನೇ ಎಂದು ಅವನು ನನಗೆ ಆಗ ಹೇಳಿದನು. ಆ ದಿನಗಳಲ್ಲಿ ನಾನು ಅವನಿಗೆ ಆತ್ಮದ ಅಮರತ್ವವನ್ನು ಉಪದೇಶಿಸುತ್ತಿದ್ದೆನು. ಅವನು ವಿನಯದಿಂದ ಕೇಳುತ್ತಿದ್ದನು.

ಇನ್ನು ಪೂರ್ವಪಕ್ಷವನ್ನು ನೋಡೋಣ. ಮೊದಲನೆಯ ಆಕ್ಷೇಪ: ಇವರು ಮೃತಳಿಗಾಗಿ ಅಳುವುದಿಲ್ಲ, ತಮ್ಮ ಕಳೆದ ದಿನಗಳಿಗಾಗಿ ಅಳುತ್ತಾರೆ, ಆಕೆಯ ಹೆಸರಿನಲ್ಲಿ ಹೇಳಿಕೊಳ್ಳುವುದೆಲ್ಲ ಸ್ವಂತ ಚರಿತ್ರೆಯೇ. ಎರಡನೆಯದು: ಪರಿಚಯವಿಲ್ಲದಲ್ಲಿ ವಿಯೋಗವೆಲ್ಲಿ? ಮೂರನೆಯದು: ಇವರಿಗೆ ದೊರೆತಿದ್ದುದು ಹಾಡು, ಹಾಡುಗಳು ಮುದ್ರಿತವಾಗಿ ಉಳಿದೇ ಇವೆ, ಆದುದರಿಂದ ನಷ್ಟವೇ ಇಲ್ಲ.

ಎರಡನೆಯದಕ್ಕೆ ಸಮಾಧಾನವನ್ನು ಮೊದಲು ಹೇಳುತ್ತೇನೆ. ರಕ್ತಸಂಬಂಧವೊಂದೇ ಸಂಬಂಧವೆಂದು ಶಾಸ್ತ್ರವೂ ಹೇಳಿಲ್ಲ. ಆಚಾರ್ಯನು ಮೃತನಾದರೆ ಶಿಷ್ಯನಿಗೆ ಮೂರು ರಾತ್ರಿಗಳ ಆಶೌಚವನ್ನು ಮನುಸ್ಮೃತಿಯು ವಿಧಿಸಿದೆ. ಪಡೆದುದು ವಿದ್ಯೆಯಾದರೂ ಸಂಬಂಧವು ಹುಟ್ಟುತ್ತದೆಂಬುದು ಇದರ ಅಭಿಪ್ರಾಯ. ಮನುಷ್ಯನು ಮೂರು ಋಣಗಳೊಡನೆ ಹುಟ್ಟುತ್ತಾನೆಂದು ಶ್ರುತಿಯು ಹೇಳುತ್ತದೆ. ಅವುಗಳಲ್ಲಿ ಋಷಿಋಣವೂ ಒಂದು. ಆ ಋಷಿಗಳನ್ನು ನಮ್ಮಲ್ಲಿ ಕಂಡವರಾರು? ಅವರಾದರೂ ನಮ್ಮನ್ನು ಅರಿತಿದ್ದರೆ? ಆದರೂ ಋಣವು ಋಣವೇ. ಕೊಟ್ಟವರು ಪಡೆದವರನ್ನು ಅರಿಯದಿರುವುದು ದಾನದ ಹಿರಿಮೆಯನ್ನು ಹೆಚ್ಚಿಸುವುದೇ ಹೊರತು ಪಡೆದವನ ಹೊಣೆಯನ್ನು ಕಳೆಯುವುದಿಲ್ಲ.

ಮೊದಲನೆಯ ಆಕ್ಷೇಪಕ್ಕೂ ಇದರಿಂದಲೇ ಉತ್ತರವು ದೊರೆಯುತ್ತದೆ. ಋಣಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳನ್ನೂ ಹೆಸರುಗಳನ್ನೂ ಬರೆಯಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. "ನಾನು ಸಾಲಗಾರನು" ಎಂದಷ್ಟೇ ಹೇಳಿದರೆ ಅದು ಒಪ್ಪಿಗೆಯಲ್ಲ. ಎಂದು ಪಡೆದೆನು, ಎಷ್ಟು ಪಡೆದೆನು ಎಂಬುದನ್ನೂ ಹೇಳಬೇಕು. ಇಂಥ ರಾತ್ರಿ, ಇಂಥ ಸಂಕಟದಲ್ಲಿ, ಈ ಹಾಡು ನನ್ನನ್ನು ಕಾಯಿತು ಎನ್ನುವವನು ತನ್ನ ಕಥೆಯನ್ನು ಹೇಳಿಕೊಂಡಂತೆ ತೋರಿದರೂ, ವಾಸ್ತವವಾಗಿ ತನ್ನ ಸಾಲವನ್ನು ಒಪ್ಪಿಕೊಳ್ಳುತ್ತಿದ್ದಾನೆ.

ಮೂರನೆಯದು ಹೆಚ್ಚು ಕಠಿನವಾದುದು. ಹಾಡುಗಳು ಉಳಿದಿರುವುದು ನಿಜ. ಆದರೆ ಕೊಡುವ ಕೈ ನಿಂತುಹೋಯಿತು. ಕೃತಜ್ಞತೆಯನ್ನು ಕೊಟ್ಟವರಿಗೇ ಒಪ್ಪಿಸುವ ಅವಕಾಶವೂ ಅಂದೇ ಮುಗಿಯಿತು. ಋಷಿಋಣವು ತೀರುವುದು ಅಧ್ಯಯನದಿಂದ, ಕಲಿತುದನ್ನು ಮುಂದಿನವನಿಗೆ ಒಪ್ಪಿಸುವುದರಿಂದ. ಅಭಿಮಾನಿಗಳು ಒಬ್ಬರಿಗೊಬ್ಬರು ಹಾಡನ್ನು ಹೇಳಿಕೊಟ್ಟುದು ಇದೇ ಮಾರ್ಗವೆಂದು ನಾನು ಬಗೆಯುತ್ತೇನೆ.

ಆದರೂ ಇಲ್ಲಿ ಒಂದು ಮೇರೆಯುಂಟು. ಅಭಿಮಾನಿಯ ದುಃಖವು ಮನೆಯವರ ದುಃಖವಲ್ಲ. ಅದಕ್ಕೆ ಸಮವೆಂದು ಹೇಳಿಕೊಳ್ಳಲೂ ಕೂಡದು. ಆ ಪತಿಯು 2024ರಲ್ಲಿ ಹೊರತಂದ ಧ್ವನಿಸಂಪುಟದಲ್ಲಿ ತನ್ನ ಕಂಠವನ್ನೇ ಯಂತ್ರದಿಂದ ಗುರುತು ಹತ್ತದಂತೆ ಮಾರ್ಪಡಿಸಿ ಹಾಡಿದ್ದಾನೆ. ಬಾಲ್ಯದಿಂದ ಜೊತೆಗಿದ್ದವಳೊಡನೆ ಸೇರಿ ಹಾಡುತ್ತಿದ್ದ ಕಂಠವದು. ಅದರ ಒಳಗನ್ನು ಹೊರಗಿನವರು ಕೆದಕಬಾರದು. ಆದರೆ ಮರಣವಾರ್ತೆಯನ್ನು ತಿಳಿಸುವಾಗ ಆತನೇ ಒಂದು ಮಾತನ್ನು ಹೇಳಿದ್ದನು. ಬಂಧುಗಳ ಪ್ರೀತಿಯೊಡನೆ ನಿಮ್ಮ ಪ್ರೀತಿಯೂ ಆಕೆಯ ಸುತ್ತ ಇದ್ದಿತೆಂದೂ, ಆಕೆಯ ಹೆಸರನ್ನು ಹತ್ತಿರವೂ ಪವಿತ್ರವೂ ಆಗಿ ಇಟ್ಟುಕೊಳ್ಳಿರೆಂದೂ, ಈ ಗಳಿಗೆಯನ್ನು ನಿಮ್ಮ ಅಗತ್ಯವಿರುವ ಯಾರೊಡನಾದರೂ ಹಂಚಿಕೊಳ್ಳಿರೆಂದೂ ಆ ಮಾತಿನ ಸಾರಾಂಶ. ಅಧಿಕಾರವನ್ನು ಕೊಡಬಲ್ಲವನೇ ಕೊಟ್ಟ ಮೇಲೆ ನಾನು ಗೋತ್ರವನ್ನು ಕೇಳುವುದೇನು?

ಒಂದು ಸಂಜೆ ನಾನೇ ಅವನ ಕೋಣೆಗೆ ಹೋಗಿ, "ಆ ಜೋಗುಳವನ್ನು ನನಗೂ ಕೇಳಿಸಪ್ಪಾ" ಎಂದೆನು. ಅವನು ಕೇಳಿಸಿದನು. ಪದಗಳು ನನಗೆ ಪೂರ್ತಿಯಾಗಿ ತಿಳಿಯಲಿಲ್ಲ. ಮೊದಲಿನ ನಾಲ್ಕು ನಿಮಿಷಗಳು ನನಗೆ ಬೇಸರವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ನಾನು ನನ್ನ ತಂಗಿಯನ್ನು ನೆನೆಯುತ್ತಿದ್ದೆನು. ಹಾಡು ಮುಗಿದ ಮೇಲೂ ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ಆ ದಿನ ನಾನು ಉಪದೇಶವನ್ನೂ ಮಾಡಲಿಲ್ಲ. ವಾಚಕರ ಮನೆಗಳಲ್ಲಿಯೂ ಹುಡುಗರು ಯಾರೋ ಕಾಣದವರಿಗಾಗಿ ಹೀಗೆ ಮಂಕಾಗಿ ಕುಳಿತಿದ್ದರೆ, ನಗುವುದಕ್ಕೆ ಮೊದಲು, ಯಾವ ಹಾಡು ಎಂದು ಒಮ್ಮೆ ಕೇಳಿನೋಡಬೇಕೆಂದು ನನ್ನ ಪ್ರಾರ್ಥನೆ.