ಗಂಧವೂ ಅದರ ಆಶ್ರಯವೂ

ಇಟಲಿಯ ದಕ್ಷಿಣದ ತುದಿಯಲ್ಲಿ, ಕಲಾಬ್ರಿಯ ಪ್ರಾಂತದ ರೆಜ್ಜೊ ಪಟ್ಟಣದ ಆಸುಪಾಸಿನ ಕಿರಿದಾದ ಕಡಲತಡಿಯಲ್ಲಿ, ಬರ್ಗಮಾಟ್ ಎಂಬ ಹಣ್ಣು ವಿಶೇಷವಾಗಿ ಬೆಳೆಯುತ್ತದೆ. ನಮ್ಮ ಹೇರಳೆ ಮಾದಳಗಳ ಕುಲದ್ದೇ ಆದರೂ ಅದರ ರಸ ಕಹಿ ಬೆರೆತ ಹುಳಿಯಾದ್ದರಿಂದ, ನಾಲಗೆಗಿಂತ ನಾಸಿಕಕ್ಕೇ ಅದರ ಉಪಯೋಗ ಹೆಚ್ಚು. ಚಳಿಗಾಲದಲ್ಲಿ ಕೊಯ್ದ ಹಣ್ಣಿನ ಸಿಪ್ಪೆಯನ್ನು ಬೆಂಕಿಗೆ ಒಡ್ಡದೆ ಬರಿದೆ ಹೆರೆದು ಹಿಂಡಿ, ಹಸುರು ಛಾಯೆಯ ತೈಲವನ್ನು ತೆಗೆಯುತ್ತಾರೆ. ಒಂದು ಕಿಲೋ ತೈಲಕ್ಕೆ ಸುಮಾರು 200 ಕಿಲೋ ಹಣ್ಣು ಬೇಕು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಇಟಲಿಯಿಂದ ಜರ್ಮನಿಗೆ ಬಂದು ನೆಲೆಸಿದ ಯೋಹಾನ್ ಮರಿಯ ಫರೀನ ಸಿದ್ಧಪಡಿಸಿದ ‘ಓ ದ ಕಲೋನ್’ ಜಗದ್ವಿಖ್ಯಾತವಾದುದರಲ್ಲಿ ಈ ತೈಲದ ಪಾಲು ದೊಡ್ಡದು.

ಸುಗಂಧಕಾರರು ಇದನ್ನು ಟಾಪ್ ನೋಟ್ ಎನ್ನುತ್ತಾರೆ. ಎಂದರೆ, ಎಲ್ಲಕ್ಕೂ ಮೊದಲು ಮೂಗಿಗೆ ಬಂದು, ಎಲ್ಲಕ್ಕೂ ಮೊದಲು ಹೊರಟುಹೋಗುವುದು. ಕಾಗದದ ಪಟ್ಟಿಯೊಂದರ ಮೇಲೆ ಒಂದು ತೊಟ್ಟು ಹಾಕಿದರೆ, ಮೊದಲು ಸಿಪ್ಪೆಯನ್ನು ಆಗತಾನೇ ಚಿವುಟಿದಂತಹ ಚುರುಕು, ಅದರ ಹಿಂದೆಯೇ ಹೂವಿನ ನವುರು, ಅಷ್ಟರಲ್ಲಿಯೇ ಇಳಿಮುಖ. ಮೈಸೂರಿನ ಶ್ರೀಗಂಧದ ಎಣ್ಣೆಯಾದರೋ ಅಂತಹುದೇ ಪಟ್ಟಿಯಲ್ಲಿ ದಿನಗಟ್ಟಲೆ ನಿಲ್ಲುತ್ತದೆ.

ಹೀಗೆ ಹೊರಟುಹೋಗುವುದು ಏನು? ಗುಣವೊಂದೇ ಹೋಗುತ್ತದೆಯೇ, ಅಥವಾ ಗುಣವನ್ನು ಹೊತ್ತ ದ್ರವ್ಯವೇ ಹೋಗುತ್ತದೆಯೇ? ಇದು ಅಂಗಡಿಯ ಪ್ರಶ್ನೆಯಂತೆ ಕಂಡರೂ, ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನ ಪರಿಮಾಣವನ್ನು ಕುರಿತ ವಿಚಾರ ಗಂಧದ ದೃಷ್ಟಾಂತವನ್ನೇ ಹಿಡಿದು ನಡೆಯುತ್ತದೆ. ಜೀವನು ಅಣುವಾದರೂ ಅವನ ಚೈತನ್ಯವು ದೇಹವನ್ನೆಲ್ಲ ವ್ಯಾಪಿಸುವುದು ಹೇಗೆಂದರೆ, ಹೂವು ದೂರದಲ್ಲಿದ್ದರೂ ಪರಿಮಳ ನಮ್ಮನ್ನು ಮುಟ್ಟುವ ಹಾಗೆ, ಎಂಬುದು ಅಣುವಾದಿಯ ಮಾತು. ಪರಿಮಳದೊಡನೆ ಹೂವಿನ ಕಣಗಳೂ ಬರುವುವಾದರೆ ಹೂವು ಸವೆಯಬೇಕಾಗಿತ್ತು. ಮೇಲಾಗಿ, ಪರಮಾಣುಗಳು ಇಂದ್ರಿಯಕ್ಕೆ ನಿಲುಕದವಾಗಿರುವಾಗ ನಾಗಕೇಸರಾದಿಗಳ ಗಂಧ ಅಷ್ಟು ಸ್ಫುಟವಾಗಿ ತೋರುವುದೆಂತು, ಎಂದು ಆತನ ವಾದ ಮುಂದುವರಿಯುತ್ತದೆ. ಈ ಪೂರ್ವಪಕ್ಷವನ್ನು ಇಷ್ಟು ಬಲವಾಗಿ ಕಟ್ಟಿಕೊಟ್ಟವರು, ಅದನ್ನು ಅನಂತರ ಮುರಿಯುವ ಶಂಕರರೇ. ಆಶ್ರಯವನ್ನು ಬಿಟ್ಟು ಸಂಚರಿಸುವ ಗುಣ ಗುಣವೇ ಅಲ್ಲವೆಂಬುದು ಅವರ ಉತ್ತರ.

ಬರ್ಗಮಾಟಿನ ಪಟ್ಟಿಯನ್ನು ಇಂದಿನ ಸೂಕ್ಷ್ಮವಾದ ತಕ್ಕಡಿಯಲ್ಲಿಟ್ಟರೆ, ಪರಿಮಳ ಹಬ್ಬಿದಂತೆಲ್ಲ ತೂಕ ಇಳಿಯುವುದು ಕಾಣುತ್ತದೆ. ಲಿಮೊನೀನ್, ಲಿನಲಿಲ್ ಅಸಿಟೇಟ್ ಎಂಬ ಹಗುರವಾದ ದ್ರವ್ಯಗಳು ಅಣುರೂಪದಲ್ಲಿ ಹಾರಿ ಬಂದು ಘ್ರಾಣವನ್ನು ಮುಟ್ಟುತ್ತವೆ. ಒಂದೊಂದನ್ನೇ ಕಣ್ಣು ಕಾಣಲಾರದು, ಒಟ್ಟಾದ ಹಲವನ್ನು ಮೂಗು ಬಲ್ಲುದು. ಗಂಧದ ಮಟ್ಟಿಗೆ ಶಂಕರರ ಮಾತೇ ನಿಂತಿತು.

ಆದರೆ ಇಷ್ಟರಿಂದ ಅಣುಜೀವವಾದವೇ ಬಿದ್ದಿತೆಂದು ಸಂತೋಷಪಡುವವರು ಸ್ವಲ್ಪ ತಾಳಬೇಕು. ಅಣುಜೀವವನ್ನು ಸಿದ್ಧಾಂತವಾಗಿ ಒಪ್ಪಿದ ರಾಮಾನುಜರು ದೀಪ ಮತ್ತು ಪ್ರಭೆಗಳ ದೃಷ್ಟಾಂತವನ್ನು ಹಿಡಿದು, ಪ್ರಭೆಯು ದೀಪಕ್ಕೆ ಗುಣವಾಗಿದ್ದೂ ತಾನೇ ಒಂದು ದ್ರವ್ಯವಾಗಿರುವಂತೆ, ಜ್ಞಾನವೂ ಆತ್ಮನ ಧರ್ಮವಾಗಿದ್ದು ದ್ರವ್ಯವೂ ಆಗಿದೆಯೆಂದರು. ಆಶ್ರಯವನ್ನು ತೊರೆದ ಗುಣವೆಂಬ ಆಕ್ಷೇಪ ಅವರನ್ನು ತಟ್ಟುವುದೇ ಇಲ್ಲ. ಹೂವಿನ ಸಾಕ್ಷ್ಯ ಅವರ ವಾದಕ್ಕೆ ಅನಿವಾರ್ಯವೂ ಆಗಿರಲಿಲ್ಲ.